ಗುಳ್ಳೆ ಏಳುವ ಮೊದಲೇ ಗುಳಿಗೆ ಮನೆಯಲ್ಲಿರಲಿ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರ ನಿಮ್ಮ ಆರೋಗ್ಯ ಪುಟದಲ್ಲಿ ಓದುಗರೊಬ್ಬರು ಒಂದು ಪ್ರಶ್ನೆ ಕೇಳಿದ್ದರು. ತಮಗೆ ಹರ್ಪಿಸ್ (ತುಟಿಗೋ ಸೊಂಟದ ಕೆಳಗೋ ಗುಳ್ಳೆ ಎಬ್ಬಿಸುವ ವೈರಸ್ ಸೋಂಕು) ಇದೆ, ಮೊದಲು ವರ್ಷಕ್ಕೊಮ್ಮೆ ಬರುತ್ತಿದ್ದ ಗುಳ್ಳೆ ಈಗ ಮೇಲಿಂದ ಮೇಲೆ ಬರುತ್ತಿದೆ, ಯಾಕೆ ಅಂತ. ಉತ್ತರ ಎರಡೇ ಸಾಲಿನದು. ಒತ್ತಡ ಕಡಿಮೆ ಮಾಡಿಕೊಳ್ಳಿ, ಚರ್ಮರೋಗ ತಜ್ಞರನ್ನು ಕಾಣಿ. ತಪ್ಪೇನೂ ಇಲ್ಲ. ಆದರೆ ಅದರಿಂದ ಆ ಓದುಗರಿಗೆ ಸಿಕ್ಕಿದ್ದೇನು? ಕಡಿಮೆ ಮಾಡಿಕೊಳ್ಳಿ ಅಂದ ಕೂಡಲೇ ಕಡಿಮೆಯಾಗುವಂಥ ಒತ್ತಡ ನಮ್ಮ ಕಡೆ ಯಾರಿಗೂ ಇಲ್ಲ. ಅದಕ್ಕೇ ಈ ಪತ್ರ. ಸ್ವಲ್ಪ ಉದ್ದವಾಗುತ್ತದೆ, ಸೈರಿಸಿಕೊಳ್ಳಿ.

ನಾನು ಸಿಂಧನೂರಿನಲ್ಲಿ ಮೆಡಿಕಲ್ ಅಂಗಡಿ ನಡೆಸುವವಳು. ಡಿ.ಫಾರ್ಮ್ ಓದಿದ್ದೇನೆ, ಡಾಕ್ಟರ್ ಅಲ್ಲ. ಗಲ್ಲಾದ ಹಿಂದೆ ಹೆಣ್ಣು ಕೂತಿದ್ದಾಳೆ ಅಂತ ಸುತ್ತಲಿನ ಕ್ಯಾಂಪು, ಹಳ್ಳಿಗಳ ಹೆಂಗಸರು ನನ್ನಲ್ಲಿಗೇ ಬರುತ್ತಾರೆ. ಗುಟ್ಟಿನ ಕಾಯಿಲೆಯಾದರೆ ಗಂಡಸರು ನನ್ನ ಮುಖ ನೋಡಿ ಪಕ್ಕದ ಅಂಗಡಿಗೆ ಹೋಗುತ್ತಾರೆ, ಇಲ್ಲವೇ ಹೆಂಡತಿಯನ್ನು ಕಳಿಸುತ್ತಾರೆ. ಬಂದವರು ಮೊದಲು ತಲೆನೋವಿನ ಗುಳಿಗೆ ಕೇಳುತ್ತಾರೆ. ಅಂಗಡಿ ಖಾಲಿಯಾಗುವವರೆಗೆ ಶಾಂಪೂ ಪಾಕೀಟು ನೋಡುತ್ತಾ ನಿಲ್ಲುತ್ತಾರೆ. ಆಮೇಲೆ ಮೆಲ್ಲಗೆ, ‘ಅಕ್ಕಾರ, ಕೆಳಗ ಗುಳ್ಳಿ ಎದ್ದಾವ್ರಿ. ನನಗಲ್ಲ, ನಮ್ಮ ಓಣಿ ಹೆಣಮಗಳಿಗೆ’ ಅನ್ನುತ್ತಾರೆ. ಓಣಿಯ ಆ ಹೆಣ್ಣುಮಗಳು ಯಾರು ಅಂತ ನಾನು ಕೇಳುವುದಿಲ್ಲ.

ನನಗೂ ಇದು ಇದೆ, ತುಟಿಯ ಮೇಲೆ. ಹೈಸ್ಕೂಲಿನ ದಿನಗಳಿಂದ ಬರುತ್ತಿದೆ. ಮನೆಯಲ್ಲಿ ಅವ್ವ ‘ಒಳಗಿನ ಜ್ವರ ಹೊರಗ ಬಿತ್ತು’ ಅನ್ನುತ್ತಿದ್ದಳು. ಅಜ್ಜಿಯ ಪ್ರಕಾರ ರಾತ್ರಿ ಜೇಡ ಹರಿದಿತ್ತು. ತುಟಿಯ ಗುಳ್ಳೆಗೆ ಯಾರೂ ನಾಚಿಕೊಳ್ಳುವುದಿಲ್ಲ, ಓಣಿಯವರೆಲ್ಲ ಔಷಧಿ ಹೇಳುತ್ತಾರೆ. ಅದೇ ವೈರಸ್ ಸೊಂಟದ ಕೆಳಗೆ ಬಂದರೆ ಮಾತ್ರ ಮನೆ ಮುರಿಯುವ ವಿಷಯವಾಗುತ್ತದೆ.

ಹರ್ಪಿಸ್ ಸಿಂಪ್ಲೆಕ್ಸ್ ವೈರಸ್‌ನಲ್ಲಿ ಎರಡು ಬಗೆ. ಒಂದನೇ ಟೈಪು ಹೆಚ್ಚಾಗಿ ಬಾಯಿ, ತುಟಿಗೆ. ಎರಡನೆಯದು ಹೆಚ್ಚಾಗಿ ಕೆಳಗೆ. ಆದರೆ ಮೊದಲನೆಯದು ಕೆಳಗೂ ಬರಬಹುದು. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 50 ವರ್ಷದೊಳಗಿನ ಮೂವರಲ್ಲಿ ಸುಮಾರು ಇಬ್ಬರ ಮೈಯಲ್ಲಿ ಒಂದನೇ ಟೈಪು ಇದೆ. ಎರಡನೇ ಟೈಪು 15ರಿಂದ 49 ವಯಸ್ಸಿನವರಲ್ಲಿ ನೂರಕ್ಕೆ 13ರಷ್ಟು ಜನರಿಗೆ ಇದೆ. ಬಹಳ ಮಂದಿಗೆ ಇದ್ದದ್ದೇ ಗೊತ್ತಿರುವುದಿಲ್ಲ, ಯಾಕಂದರೆ ಗುಳ್ಳೆ ಏಳುವುದೇ ಇಲ್ಲ. ಒಮ್ಮೆ ಮೈ ಹೊಕ್ಕ ವೈರಸ್ ನರದ ಬುಡದಲ್ಲಿ ಹೋಗಿ ಕೂರುತ್ತದೆ. ತುಟಿಯದು ಕಿವಿಯ ಮುಂದಿನ ಭಾಗದ ಒಳಗೆ, ಕೆಳಗಿನದು ಬೆನ್ನುಮೂಳೆಯ ಕೆಳತುದಿಯ ಹತ್ತಿರ. ಅಲ್ಲಿ ಅದು ಸುಮ್ನೆ ಇರುತ್ತದೆ. ಯಾವುದೋ ಕಾರಣಕ್ಕೆ ಎದ್ದಾಗ ಅದೇ ನರ ಹಿಡಿದು ಚರ್ಮಕ್ಕೆ ಬರುತ್ತದೆ. ಅದಕ್ಕೇ ಪ್ರತಿ ಸಲವೂ ಹೆಚ್ಚುಕಡಿಮೆ ಅದೇ ಜಾಗ.

ಆ ಓದುಗರು ಕೇಳಿದ ‘ಯಾಕೆ’ ಇರುವುದು ಇಲ್ಲಿಯೇ.

ನಮ್ಮ ಕಡೆಯ ಮೊದಲ ಕಾರಣ ಬಿಸಿಲು. ರಾಯಚೂರು ಜಿಲ್ಲೆಯ ಏಪ್ರಿಲ್, ಮೇ ಅಂದರೆ ಏನು ಅಂತ ನಿಮಗೆ ಹೇಳಬೇಕಾಗಿಲ್ಲ. ಬಿಸಿಲಿನ ನೇರಳಾತೀತ ಕಿರಣ ತುಟಿಯ ಗುಳ್ಳೆಯನ್ನು ಎಬ್ಬಿಸುತ್ತದೆ ಅನ್ನುವುದು ಚೆನ್ನಾಗಿ ಗೊತ್ತಿರುವ ವಿಷಯ. ಬೇಸಿಗೆ ಭತ್ತದ ಕೊಯ್ಲಿನ ಹೊತ್ತಿಗೆ ಕಟಾವು ಮಷಿನಿನ ಮೇಲೆ ದಿನವಿಡೀ ಕೂರುವ ಹುಡುಗರು ತುಟಿ ಊದಿಸಿಕೊಂಡು ಬರುತ್ತಾರೆ. ತಲೆಗೆ ಟವೆಲ್ ಸುತ್ತಿರುತ್ತಾರೆ, ತುಟಿ ಮಾತ್ರ ಬಯಲಿಗೆ. ನಾನು ಅವರಿಗೆ ಹೇಳುವುದು ಇಷ್ಟೇ: ಟವೆಲನ್ನು ಮೂಗಿನವರೆಗೂ ಕಟ್ಟಿ. ಎಸ್‌ಪಿಎಫ್ ಅಂತ ಬರೆದಿರುವ, ಬಿಸಿಲು ತಡೆಯುವ ತುಟಿಯ ಕಡ್ಡಿ (ಲಿಪ್ ಬಾಮ್) ತಗೊಳ್ಳಿ, ಎರಡು ತಾಸಿಗೊಮ್ಮೆ ಹಚ್ಚಿ. ಮೊದಮೊದಲು ನಗುತ್ತಿದ್ದರು, ‘ಲಿಪ್‌ಸ್ಟಿಕ್ ಹಚ್ಚಬೇಕೇನ್ರಿ ಅಕ್ಕಾರ’ ಅಂತ. ಈಗ ಕೇಳಿ ತಗೊಳ್ಳುವವರೂ ಇದ್ದಾರೆ. ನನ್ನ ತುಟಿಯೂ ಇದರಿಂದಲೇ ಎಷ್ಟೋ ಸುಧಾರಿಸಿದೆ. ಮದುವೆಯ ಮೆರವಣಿಗೆಯಲ್ಲಿ ಮಧ್ಯಾಹ್ನ ನಿಲ್ಲುವುದನ್ನು ಮಾತ್ರ ತಪ್ಪಿಸಲು ಆಗಿಲ್ಲ.

ಜ್ವರ ಎರಡನೆಯದು. ಡೆಂಗಿ, ಮಲೇರಿಯಾ, ಬರೀ ನೆಗಡಿ ಜ್ವರವಾದರೂ ಸರಿ. ಹಲ್ಲು ಕೀಳಿಸಿದ ಮೇಲೆ, ಆಪರೇಷನ್ ಆದ ಮೇಲೆ ಬರುವುದೂ ಉಂಟು. ಕೆಲವು ಹೆಣ್ಣುಮಕ್ಕಳಿಗೆ ಮುಟ್ಟಿನ ಹಿಂದುಮುಂದಿನ ದಿನಗಳಲ್ಲೇ ಬರುತ್ತದೆ. ಇದು ನೆನಪಿಟ್ಟುಕೊಂಡು ನೋಡಿದರೆ ಮಾತ್ರ ಗೊತ್ತಾಗುವಂಥದ್ದು.

ಕೆಳಗಿನದಕ್ಕೆ ಉಜ್ಜಾಟವೂ ಕಾರಣ. ಗಂಡ-ಹೆಂಡಿರ ಕೂಟ, ಬ್ಲೇಡಿನಿಂದ ಕೂದಲು ತೆಗೆಯುವುದು, ಬಿಗಿಯಾದ ನೈಲಾನ್ ಒಳಉಡುಪು, ಎಲ್ಲವೂ. ನಾಟಿಯ ಕಾಲದಲ್ಲಿ ನಮ್ಮ ಹೆಂಗಸರು ಬೆಳಗಿನಿಂದ ಸಂಜೆಯವರೆಗೆ ಕೆಸರು ನೀರಿನಲ್ಲಿ ಬಗ್ಗಿ ನಿಂತಿರುತ್ತಾರೆ. ಒದ್ದೆ ಲಂಗ, ಒದ್ದೆ ಸೀರೆ ತೊಡೆಗೆ ಉಜ್ಜುತ್ತಲೇ ಇರುತ್ತದೆ. ಆ ವಾರಗಳಲ್ಲಿ ನನ್ನ ಅಂಗಡಿಗೆ ಇದೇ ದೂರು ಜಾಸ್ತಿ. ಎಲ್ಲವೂ ಹರ್ಪಿಸ್ ಅಲ್ಲ, ಬಹಳಷ್ಟು ಹುಳುಕಡ್ಡಿ, ಬೆವರುಸಾಲೆ. ಹರ್ಪಿಸ್ ಇದ್ದವರಿಗೆ ಮಾತ್ರ ಆ ಉಜ್ಜಾಟ ಒಂದು ನೆಪವಾಗುತ್ತದೆ. ಚಹಾದ ಹೊತ್ತಿಗೆ ಬದಲಾಯಿಸಿಕೊಳ್ಳಲು ಇನ್ನೊಂದು ಒಣ ಕಾಟನ್ ಬಟ್ಟೆ ಗಂಟಿನಲ್ಲಿ ಇಟ್ಟುಕೊಳ್ಳಿ ಅನ್ನುತ್ತೇನೆ. ‘ಬದಲಾಯಿಸೋದು ಎಲ್ಲ್ಯವ್ವಾ, ಹೊಲದಾಗ?’ ಅಂತ ಒಬ್ಬಾಕೆ ಕೇಳಿದಳು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಒತ್ತಡದ ಮಾತು. ಇದು ನಿಜವೇ. ಆದರೆ ಒಂದು ದಿನದ ಜಗಳಕ್ಕೆ ಗುಳ್ಳೆ ಬರುವುದು ಕಡಿಮೆ. ವಾರಗಟ್ಟಲೆ ಎಳೆಯುವ ಚಿಂತೆ, ಅದರ ಜೊತೆಗೆ ನಿದ್ದೆಗೇಡು, ಇವು ಕೆಟ್ಟವು. 2024ರ ಆಗಸ್ಟಿನಲ್ಲಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕೊಚ್ಚಿ ಹೋಯಿತಲ್ಲ, ಆಗ ಕಾಲುವೆ ನೀರು ಸಿಗುತ್ತದೋ ಇಲ್ಲವೋ ಅಂತ ನಮ್ಮ ಕಡೆ ನಿದ್ದೆ ಮಾಡಿದವರು ಕಡಿಮೆ. ನಾಟಿಗೆ ಸಾಲ ತಂದವರ ಮನೆಯಲ್ಲಿ ಆ ಚಿಂತೆ ಗೇಟು ಕೂರಿಸಿದ ಮೇಲೂ ಇಳಿಯಲಿಲ್ಲ. ಇಂಥವರಿಗೆ ‘ಒತ್ತಡ ಬಿಡಿ’ ಅನ್ನುವುದಕ್ಕಿಂತ, ‘ಇಂಥ ಹೊತ್ತಲ್ಲಿ ಗುಳ್ಳೆ ಬರಬಹುದು, ಗುಳಿಗೆ ಹತ್ತಿರ ಇಟ್ಟುಕೊಳ್ಳಿ’ ಅನ್ನುವುದು ಹೆಚ್ಚು ಉಪಯೋಗದ ಮಾತು ಅಲ್ವಾ?

ಇನ್ನು ಯಾರೂ ಹೇಳದ ಕಾರಣ ಒಂದಿದೆ. ಅದು ನಮ್ಮಂಥ ಅಂಗಡಿಗಳ ಕಪಾಟಿನಲ್ಲೇ ಇದೆ: ಸ್ಟೀರಾಯ್ಡ್ ಬೆರೆತ ಮುಲಾಮು. ಕ್ಲೋಬೆಟಾಸಾಲ್, ಬೀಟಾಮೆಥಾಸೋನ್ ಅಂತ ಡಬ್ಬಿಯ ಮೇಲೆ ಸಣ್ಣ ಅಕ್ಷರದಲ್ಲಿ ಇರುತ್ತದೆ. ಜೊತೆಗೆ ಹುಳುಕಡ್ಡಿಯ ಔಷಧಿ, ಬ್ಯಾಕ್ಟೀರಿಯಾದ ಔಷಧಿ ಎಲ್ಲ ಸೇರಿಸಿ ಒಂದೇ ಟ್ಯೂಬು. ತುರಿಕೆಗೆ, ಗುಳ್ಳೆಗೆ, ಮೊಡವೆಗೆ, ಬೆಳ್ಳಗಾಗುವುದಕ್ಕೆ, ಎಲ್ಲಕ್ಕೂ ಅದೇ. ಹಚ್ಚಿದ ದಿನ ಕೆಂಪು ಇಳಿಯುತ್ತದೆ, ತುರಿಕೆ ನಿಲ್ಲುತ್ತದೆ. ‘ಭಾಳ ಚಲೋ ಟ್ಯೂಬ್’ ಅಂತ ಹೆಸರಾಗುತ್ತದೆ. ಆದರೆ ಸ್ಟೀರಾಯ್ಡ್ ಆ ಜಾಗದ ಚರ್ಮದ ತಡೆಯುವ ಶಕ್ತಿಯನ್ನೇ ಕುಗ್ಗಿಸುತ್ತದೆ. ವೈರಸ್‌ಗೆ ಬೇಕಾದದ್ದೂ ಅದೇ. ಗಾಯ ಹರಡುತ್ತದೆ, ಮಾಯುವುದು ತಡವಾಗುತ್ತದೆ, ಚರ್ಮ ತೆಳುವಾಗಿ ಮುಂದಿನ ಸಲ ಇನ್ನೂ ಬೇಗ ಒಡೆಯುತ್ತದೆ. ಈ ಮುಲಾಮುಗಳು ಶೆಡ್ಯೂಲ್ ಎಚ್‌ನಲ್ಲಿವೆ, ಡಾಕ್ಟರ ಚೀಟಿ ಇಲ್ಲದೆ ಮಾರುವಂತಿಲ್ಲ. ಮಾರಾಟ ಹೇಗೆ ನಡೆಯುತ್ತಿದೆ ಅಂತ ಊರಿಗೇ ಗೊತ್ತು. ಚೀಟಿ ಕೇಳಿದ್ದಕ್ಕೆ ನಾನು ಗಿರಾಕಿ ಕಳೆದುಕೊಂಡಿದ್ದೇನೆ. ‘ಆಕಿ ಭಾಳ ಶಾಣೆ’ ಅಂತ ಮಾತೂ ಕೇಳಿದ್ದೇನೆ.

ಗುಳ್ಳೆ ಮೇಲಿಂದ ಮೇಲೆ ಬರುತ್ತಿದೆ ಅನ್ನುವವರಿಗೆ ನನ್ನ ಮೊದಲ ಪ್ರಶ್ನೆ ಆದ್ದರಿಂದ ಇದೇ: ಏನು ಹಚ್ಚುತ್ತಿದ್ದೀರಿ?

ಎರಡನೇ ಪ್ರಶ್ನೆ: ಏನು ನುಂಗಿದ್ದಿರಿ? ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಕೆಲವರಿಗೆ ಕೆಲವು ಗುಳಿಗೆ ಆಗಿಬರುವುದಿಲ್ಲ. ಅದನ್ನು ನುಂಗಿದಾಗಲೆಲ್ಲ ಮೈಯ ಅದೇ ಜಾಗದಲ್ಲಿ ದುಂಡಗೆ ಕೆಂಪಾಗಿ, ಗುಳ್ಳೆಯೆದ್ದು, ಮಾಯ್ದ ಮೇಲೆ ಕಪ್ಪು ಕಲೆ ಉಳಿಯುತ್ತದೆ. ತುಟಿ ಮತ್ತು ಜನನಾಂಗ ಅದಕ್ಕೆ ಬಲು ಇಷ್ಟದ ಜಾಗಗಳು. ಸಲ್ಫಾ ಇರುವ ಗುಳಿಗೆ, ಟೆಟ್ರಾಸೈಕ್ಲಿನ್ ಗುಂಪು, ಭೇದಿಗೆ ಕೊಡುವ ಆರ್ನಿಡಜೋಲ್, ಮೆಟ್ರೊನಿಡಜೋಲ್, ಕೆಲವು ನೋವಿನ ಗುಳಿಗೆ, ಇವುಗಳಿಂದ ಹೀಗಾಗುವುದುಂಟು. ನಮ್ಮ ಮಂದಿ ಹೊಟ್ಟೆ ಕೆಟ್ಟರೆ ನೇರ ಅಂಗಡಿಗೆ ಬಂದು ಗುಳಿಗೆ ನುಂಗುವವರು. ಹೀಗಾಗಿ ಹರ್ಪಿಸ್ ಅಂದುಕೊಂಡು ವರ್ಷಗಟ್ಟಲೆ ನರಳುವವರಲ್ಲಿ ಕೆಲವರದು ಹರ್ಪಿಸ್ಸೇ ಅಲ್ಲ. ಬಸ್ ಡ್ರೈವರ್ ಒಬ್ಬರ ಹೆಂಡತಿ ಮೂರ್ನಾಲ್ಕು ಸಲ ಬಂದಿದ್ದಳು. ಪ್ರತಿ ಸಲವೂ ಗಂಡನಿಗೆ ಭೇದಿಯಾದ ಮೇಲೆಯೇ ‘ಅದು’ ಬಂದಿತ್ತು. ಚರ್ಮದ ಡಾಕ್ಟರ್ ಕಲೆ ನೋಡಿದ ಕೂಡಲೇ ಇದು ಗುಳಿಗೆಯ ಕೆಲಸ ಅಂತ ಹೇಳಿದರಂತೆ. ಆ ಮನೆಯಲ್ಲಿ ಅಷ್ಟರೊಳಗೆ ಎಂಥೆಂಥ ಮಾತು ನಡೆದುಹೋಗಿತ್ತೋ.

ಹಾಗಾಗಿ ಒಮ್ಮೆಯಾದರೂ ಖಾತ್ರಿ ಮಾಡಿಕೊಳ್ಳಬೇಕು. ತಾಜಾ ಗುಳ್ಳೆ ಇರುವಾಗ ಅದರ ನೀರನ್ನು ಕಡ್ಡಿಯಿಂದ ತೆಗೆದು, ವೈರಸ್ಸನ್ನೇ ಹುಡುಕುವ ಪಿಸಿಆರ್ ಪರೀಕ್ಷೆ ಒಳ್ಳೆಯದು. ಹಕ್ಕಳೆ ಕಟ್ಟಿದ ಮೇಲೆ ಹೋದರೆ ವೈರಸ್ ಸಿಗುವ ಸಂಭವ ಕಡಿಮೆ. ರಕ್ತದಲ್ಲಿ ಐಜಿಎಂ ಅನ್ನುವ ಪ್ರತಿಕಾಯ ನೋಡಿಸಿ ಸಾವಿರಾರು ರೂಪಾಯಿ ಕಳೆಯಬೇಡಿ, ಅದರಿಂದ ಹಳೆಯದೋ ಹೊಸದೋ ಅಂತ ಸರಿಯಾಗಿ ತಿಳಿಯುವುದಿಲ್ಲ. ನೋವಿಲ್ಲದ ಒಂದೇ ಒಂದು ಗಾಯ ಇದ್ದರೆ ಅದು ಸಿಫಿಲಿಸ್ ಅನ್ನುವ ಇನ್ನೊಂದು ಲೈಂಗಿಕ ರೋಗ ಇರಬಹುದು. ಅದಕ್ಕೆ ಬೇರೆ ಪರೀಕ್ಷೆ, ಪೂರ್ತಿ ಗುಣವಾಗುವ ಔಷಧಿಯೂ ಇದೆ. ಹಾಗೆಯೇ ಸರ್ಪಸುತ್ತು ಇದಲ್ಲ. ಅದು ಸೀತಾಳೆ ಸಿಡುಬು ಅಂತೀವಲ್ಲ, ಆ ಚಿಕನ್‌ಪಾಕ್ಸ್ ವೈರಸ್‌ನದು. ಮೈಯ ಒಂದೇ ಕಡೆಗೆ ಪಟ್ಟಿಯಂತೆ ಬರುತ್ತದೆ, ಔಷಧಿಯ ಅಳತೆಯೂ ಬೇರೆ. ಮಾವನ ಸರ್ಪಸುತ್ತಿಗೆ ಬರೆದ ಹಳೇ ಚೀಟಿ ತಂದು ‘ಇದನ್ನೇ ಕೊಡಿ’ ಅಂದರೆ ಕೊಡಲು ಬರುವುದಿಲ್ಲ.

ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಮೈಯ ಶಕ್ತಿ ಯಾಕೆ ಕುಗ್ಗಿದೆ ಅಂತಲೂ ನೋಡಬೇಕು. ಉಬ್ಬಸಕ್ಕೆ, ಕೀಲುನೋವಿಗೆ ಸ್ಟೀರಾಯ್ಡ್ ಗುಳಿಗೆ ನುಂಗುತ್ತಿದ್ದೀರಾ? ಕ್ಯಾನ್ಸರ್ ಚಿಕಿತ್ಸೆ ನಡೆದಿದೆಯೇ? ಸಕ್ಕರೆ ಹತೋಟಿಯಲ್ಲಿದೆಯೇ? ಎಚ್‌ಐವಿ ಪರೀಕ್ಷೆ ಮಾಡಿಸಿದ್ದೀರಾ? ತಿಂಗಳು ದಾಟಿದರೂ ಮಾಯದ ಗಾಯವಿದ್ದರೆ ಎಚ್‌ಐವಿ ಪರೀಕ್ಷೆ ಬೇಕೇ ಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ಅದು ಉಚಿತ, ಗುಟ್ಟಾಗಿ ಇಡುತ್ತಾರೆ. ಹಾಗಂತ ಗಾಬರಿಯೂ ಬೇಡ. ಮೊದಲ ವರ್ಷ ಗುಳ್ಳೆ ಹೆಚ್ಚು ಸಲ ಬರುವುದು ಸಹಜ. ಕೆಳಗಿನ ಎರಡನೇ ಟೈಪಿಗೆ ಆ ವರ್ಷ ಮೂರ್ನಾಲ್ಕು ಸಲ ಬರುವುದು ಮಾಮೂಲು, ಒಂದನೇ ಟೈಪಾದರೆ ಬಹಳ ಕಡಿಮೆ. ವರ್ಷ ಕಳೆದಂತೆ ಹೆಚ್ಚಿನವರಿಗೆ ತಾನಾಗಿಯೇ ಇಳಿಯುತ್ತದೆ.

ಈಗ ಈ ಪತ್ರ ಬರೆಯಲು ಕೂತ ಮುಖ್ಯ ವಿಷಯ. ನೀವು ಪತ್ರ ಕತ್ತರಿಸುವುದಾದರೆ ಬೇರೆಲ್ಲಾದರೂ ಕತ್ತರಿಸಿ, ಇದನ್ನು ಮಾತ್ರ ಬಿಡಬೇಡಿ.

ಈ ವೈರಸ್‌ಗೆ ಏಸಿಕ್ಲೋವಿರ್ ಅಂತ ಗುಳಿಗೆ ಇದೆ. ಅದನ್ನು ಕಂಡುಹಿಡಿದ ತಂಡದ ಮುಂದಾಳು ಗರ್ಟ್ರೂಡ್ ಎಲಿಯನ್ ಅನ್ನುವ ಹೆಣ್ಣುಮಗಳು. ಪಿಎಚ್‌ಡಿ ಮುಗಿಸಿರಲಿಲ್ಲ, ಆದರೂ 1988ರಲ್ಲಿ ನೊಬೆಲ್ ಬಂತು. ಅಂಗಡಿಗೆ ತರಬೇತಿಗೆ ಬರುವ ಹುಡುಗಿಯರಿಗೆ ನಾನು ಇದನ್ನು ತಪ್ಪದೆ ಹೇಳುತ್ತೇನೆ. ಈ ಗುಳಿಗೆಯ ಜಾಣತನ ಏನೆಂದರೆ, ವೈರಸ್ ಹೊಕ್ಕ ಜೀವಕೋಶದಲ್ಲಿ ಮಾತ್ರ ಅದು ಕೆಲಸ ಶುರು ಮಾಡುತ್ತದೆ. ವೈರಸ್ ತನ್ನ ಸಂತಾನ ಬೆಳೆಸುವುದನ್ನು ತಡೆಯುತ್ತದೆ. ನರದ ಬುಡದಲ್ಲಿ ಮಲಗಿರುವ ವೈರಸ್‌ಗೆ ಅದು ಏನೂ ಮಾಡಲಾರದು. ಬೆಳೆದು ಮುಗಿದ ಮೇಲೂ ಮಾಡುವುದು ಅಷ್ಟಕ್ಕಷ್ಟೇ. ನಮ್ಮ ರೈತರಿಗೆ ಇದನ್ನು ವಿವರಿಸುವುದು ಸುಲಭ. ಭತ್ತ ನಾಟಿಯಾದ ಮೂರ್ನಾಲ್ಕು ದಿನದಲ್ಲಿ ಹಾಕುವ ಕಳೆನಾಶಕವನ್ನು ಕಳೆ ಮೊಣಕಾಲು ಮುಟ್ಟಿದ ಮೇಲೆ ಹಾಕಿದರೆ ಏನು ಬಂತು?

ಗುಳ್ಳೆ ಏಳುವ ಮೊದಲು ಸೂಚನೆ ಸಿಗುತ್ತದೆ. ಆ ಜಾಗ ಜುಮುಜುಮು ಅನ್ನುತ್ತದೆ, ಉರಿಯುತ್ತದೆ, ಕಡಿಯುತ್ತದೆ. ಕೆಳಗಿನದಾದರೆ ಕೆಲವರಿಗೆ ಕುಂಡೆ, ತೊಡೆ, ಕಾಲಿನವರೆಗೆ ನರ ಎಳೆದಂತೆ ನೋವು. ಕೆಲವು ತಾಸುಗಳಿಂದ ಒಂದೆರಡು ದಿನ ಈ ಸೂಚನೆ ಇರುತ್ತದೆ. ಗುಳಿಗೆ ಶುರು ಮಾಡಬೇಕಾದದ್ದು ಆಗ. ತಪ್ಪಿದರೆ ಗುಳ್ಳೆ ಕಂಡ ದಿನವೇ. ಆಗ ಗುಳ್ಳೆ ಪೂರ್ತಿ ಏಳದೇ ಇರಬಹುದು, ಎದ್ದರೂ ಬೇಗ ಒಣಗುತ್ತದೆ.

ನಮ್ಮಲ್ಲಿ ಆಗುವುದೇನು? ಮೊದಲ ದಿನ ನಾಚಿಕೆ. ಎರಡನೇ ದಿನ ಸುಣ್ಣವೋ ಟೂತ್‌ಪೇಸ್ಟೋ ಹಚ್ಚಿ ನೋಡುವುದು. ಮೂರನೇ ದಿನ ಕೂಲಿ ಬಿಡಲು ಆಗುವುದಿಲ್ಲ. ಚರ್ಮದ ಡಾಕ್ಟರು ತಾಲ್ಲೂಕಿಗೆ ಬರುವುದು ವಾರದಲ್ಲಿ ಇಂಥದೇ ದಿನ. ಇಲ್ಲವೇ ರಾಯಚೂರಿಗೆ ಬಸ್ಸು ಹತ್ತಬೇಕು, ಹೋಗಿಬರಲು ಇಡೀ ದಿನ ಬೇಕು. ಅಷ್ಟು ಹೊತ್ತಿಗೆ ಗುಳ್ಳೆ ಒಡೆದು, ಹಕ್ಕಳೆ ಕಟ್ಟಿ, ತಾನಾಗಿಯೇ ಮಾಯುವ ದಾರಿಯಲ್ಲಿ ಇರುತ್ತದೆ. ಡಾಕ್ಟರ್ ಆಗ ಐದು ದಿನದ ಗುಳಿಗೆ ಬರೆಯುತ್ತಾರೆ. ನಾನು ಎಣಿಸಿ ಕೊಡುತ್ತೇನೆ. ದುಡ್ಡೂ ಹೋಯಿತು, ಗುಳಿಗೆಯೂ ಹೋಯಿತು. ‘ಆ ಗುಳಿಗಿ ನನಗ ನಾಟಲಿಲ್ರಿ’ ಅಂತ ಮುಂದಿನ ಸಲ ಹೇಳುತ್ತಾರೆ. ಗುಳಿಗೆಯಲ್ಲಿ ದೋಷವಿರಲಿಲ್ಲ, ಗುಳಿಗೆ ಎಲ್ಲಿರಬೇಕಿತ್ತೋ ಅಲ್ಲಿರಲಿಲ್ಲ.

ಆದ್ದರಿಂದ ರಾಯಚೂರು, ಕೊಪ್ಪಳ, ಬಳ್ಳಾರಿ, ನಮ್ಮ ಈ ಮೂರೂ ಜಿಲ್ಲೆಗಳ ಡಾಕ್ಟರರಲ್ಲಿ ನನ್ನ ಕೈಮುಗಿದ ಬೇಡಿಕೆ: ರೋಗ ಇಂಥದೇ ಅಂತ ಖಾತ್ರಿಯಾದವರಿಗೆ ಮುಂದಿನ ಸಲಕ್ಕೂ ಈಗಲೇ ಬರೆದು ಕೊಡಿ. ಯಾವಾಗ ಶುರು ಮಾಡಬೇಕು, ಎಷ್ಟು ದಿನ ಅಂತ ಚೀಟಿಯಲ್ಲೇ ಬರೆಯಿರಿ. ಚೀಟಿ ಇಲ್ಲದೆ ನಾನು ಕೊಡುವಂತಿಲ್ಲ, ಅದು ಸರಿಯೂ ಹೌದು. ಚೀಟಿ ಇದ್ದರೆ ಗುಳಿಗೆ ಅವರ ಮನೆಯ ಟ್ರಂಕಿನಲ್ಲಿ ಇರುತ್ತದೆ. ಜುಮುಜುಮು ಅಂದ ರಾತ್ರಿಯೇ ನುಂಗಬಹುದು. ರೋಗಿಗಳೂ ಬಾಯಿ ಬಿಟ್ಟು ಇದನ್ನು ಕೇಳಬೇಕು. ಡಾಕ್ಟರು ಬೈಯುವುದಿಲ್ಲ.

ವರ್ಷಕ್ಕೆ ಆರು ಸಲಕ್ಕಿಂತ ಜಾಸ್ತಿ ಬರುವವರಿಗೆ, ಇಲ್ಲವೇ ಬಂದಾಗ ಬಹಳ ನರಳುವವರಿಗೆ, ಇನ್ನೊಂದು ದಾರಿ ಇದೆ. ದಿನಾಲೂ ಸ್ವಲ್ಪ ಅಳತೆಯಲ್ಲಿ ಗುಳಿಗೆ ನುಂಗುವುದು, ತಿಂಗಳುಗಟ್ಟಲೆ. ಹೀಗೆ ಮಾಡಿದರೆ ಗುಳ್ಳೆ ಬರುವುದು ನೂರಕ್ಕೆ 70ರಿಂದ 80ರಷ್ಟು ಕಡಿಮೆಯಾಗುತ್ತದೆ. ಏಸಿಕ್ಲೋವಿರ್ ಮೈಯಲ್ಲಿ ಬಹಳ ಹೊತ್ತು ನಿಲ್ಲುವುದಿಲ್ಲ, ಹಾಗಾಗಿ ದಿನಕ್ಕೆ ಎರಡು ಸಲ ಬೇಕು. ಅದೇ ಗುಂಪಿನ ವಾಲಾಸಿಕ್ಲೋವಿರ್ ಹೊಟ್ಟೆಯಿಂದ ರಕ್ತಕ್ಕೆ ಚೆನ್ನಾಗಿ ಸೇರುತ್ತದೆ, ಒಂದು ಸಲ ಸಾಕಾಗಬಹುದು, ಆದರೆ ತುಟ್ಟಿ. ಜನೌಷಧಿ ಅಂಗಡಿಯಲ್ಲಿ ವಿಚಾರಿಸಿ, ಅಗ್ಗಕ್ಕೆ ಸಿಗುತ್ತದೆ. ನನ್ನ ವ್ಯಾಪಾರಕ್ಕೆ ನಷ್ಟ, ಇರಲಿ ಬಿಡಿ. ಮೂತ್ರಪಿಂಡದ ತೊಂದರೆ ಇದ್ದವರು ಅದನ್ನು ಡಾಕ್ಟರಿಗೆ ಮೊದಲೇ ಹೇಳಬೇಕು, ಅಳತೆ ಕಡಿಮೆ ಮಾಡುತ್ತಾರೆ. ಗುಳಿಗೆ ನುಂಗುವ ದಿನ ನೀರು ಚೆನ್ನಾಗಿ ಕುಡಿಯಬೇಕು. ಬೇಸಿಗೆಯಲ್ಲಿ ಹೊಲದಲ್ಲಿ ಇರುವವರಿಗೆ ಇದನ್ನು ಒತ್ತಿ ಹೇಳುತ್ತೇನೆ.

ಅಳತೆಯನ್ನು ಇಲ್ಲಿ ಬರೆಯುವುದಿಲ್ಲ. ಬರೆದರೆ ನಾಳೆ ಈ ಪತ್ರಿಕೆಯ ತುಂಡು ಹಿಡಿದುಕೊಂಡೇ ಅಂಗಡಿಗೆ ಬರುತ್ತಾರೆ.

ಕೆಳಗೆ ಗುಳ್ಳೆ ಎದ್ದು ಒಡೆದಾಗ ಮೂತ್ರ ಮಾಡುವುದೇ ನರಕ. ಬೆಚ್ಚಗಿನ ನೀರು ಸುರಿದುಕೊಳ್ಳುತ್ತಾ ಮಾಡಿದರೆ ಉರಿ ಕಡಿಮೆ. ತೆಳುವಾದ ಉಪ್ಪು ನೀರಿನಲ್ಲಿ ತೊಳೆದು, ಒತ್ತಿ ಒರೆಸಿ, ಸಡಿಲವಾದ ಬಟ್ಟೆ ಹಾಕಿ. ಮುಟ್ಟಿದರೆ ಕೈ ತೊಳೆಯಿರಿ, ಆ ಕೈ ಕಣ್ಣಿಗೆ ಹೋಗಬಾರದು. ಕಣ್ಣಿಗೆ ಬಂದರೆ ಅಂಗಡಿಯ ಡ್ರಾಪ್ಸ್ ಹಾಕದೆ ಅವತ್ತೇ ಕಣ್ಣಿನ ಡಾಕ್ಟರ ಹತ್ತಿರ ಓಡಿ.

ಗುಳ್ಳೆ ಬರುತ್ತದೆ ಅಂತ ಶೇಂಗಾ ಬಿಟ್ಟವರು ನಮ್ಮಲ್ಲಿ ಬಹಳ. ರಾಯಚೂರಿನವರು ಶೇಂಗಾ ಚಟ್ನಿ ಬಿಟ್ಟು ಹೇಗೆ ಊಟ ಮಾಡುತ್ತಾರೋ ದೇವರೇ ಬಲ್ಲ. ಶೇಂಗಾದಲ್ಲಿರುವ ಆರ್ಜಿನಿನ್ ಅನ್ನುವ ಪ್ರೋಟೀನಿನ ಅಂಶ ವೈರಸ್‌ಗೆ ಒಳ್ಳೆಯದು, ಲೈಸಿನ್ ಅನ್ನುವ ಇನ್ನೊಂದು ಅಂಶದ ಗುಳಿಗೆ ಅದನ್ನು ತಡೆಯುತ್ತದೆ ಅಂತ ಒಂದು ಮಾತಿದೆ. ಗಟ್ಟಿ ಪುರಾವೆ ಇಲ್ಲ. ತಿಂದಾಗಲೆಲ್ಲ ನಿಮಗೆ ಬರುತ್ತದೆ ಅನಿಸಿದರೆ ಬಿಟ್ಟು ನೋಡಿ, ಇಲ್ಲದಿದ್ದರೆ ಸುಮ್ನೆ ಯಾಕೆ? ಅದಕ್ಕಿಂತ ಗೋಡೆಯ ಕ್ಯಾಲೆಂಡರ್ ಹೆಚ್ಚು ಕೆಲಸಕ್ಕೆ ಬರುತ್ತದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು ಬರೆಯುತ್ತೀರಲ್ಲ, ಹಾಗೇ ಗುಳ್ಳೆ ಬಂದ ದಿನ ಒಂದು ಚುಕ್ಕೆ ಇಡಿ. ಹಿಂದಿನ ದಿನ ಏನಾಗಿತ್ತು, ಬಿಸಿಲೋ, ಜ್ವರವೋ, ಮುಟ್ಟೋ, ನಿದ್ದೆಗೇಡೋ, ಯಾವ ಗುಳಿಗೆಯೋ, ಅದಕ್ಕೂ ಒಂದು ಗುರುತು. ನಿಮ್ಮ ಕಾರಣ ನಿಮಗೇ ಸಿಗುತ್ತದೆ. ನನ್ನ ಕಾರಣ ನಿಮ್ಮದಾಗಿರಬೇಕಿಲ್ಲ.

ಗಂಡ-ಹೆಂಡಿರ ಮಾತು ಹೇಳದೆ ಮುಗಿಸಲಾಗದು. ಮೊದಲ ಸಲ ಗುಳ್ಳೆ ಕಂಡ ಕೂಡಲೇ ‘ಎಲ್ಲಿಂದ ತಂದಿ?’ ಅನ್ನುವ ಪ್ರಶ್ನೆ ಬರುತ್ತದೆ. ಹೆಚ್ಚಾಗಿ ಹೆಣ್ಣಿಗೇ ಬರುತ್ತದೆ. ವೈರಸ್ ಮೈ ಹೊಕ್ಕು ವರ್ಷಗಳ ನಂತರವೂ ಮೊದಲ ಗುಳ್ಳೆ ಕಾಣಬಹುದು. ಒಂದೂ ಗುಳ್ಳೆ ಏಳದ ಗಂಡನಿಂದಲೂ ಹೆಂಡತಿಗೆ ಬಂದಿರಬಹುದು, ಯಾಕಂದರೆ ಗುಳ್ಳೆ ಇಲ್ಲದ ದಿನವೂ ಚರ್ಮದಿಂದ ವೈರಸ್ ಹೊರಬೀಳುತ್ತದೆ. ಬಾಯಿಯಿಂದ ಬಂದದ್ದೂ ಇರಬಹುದು. ಯಾರು ಯಾರಿಗೆ ಕೊಟ್ಟರು ಅಂತ ಗುಳ್ಳೆ ನೋಡಿ ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ. ಜುಮುಜುಮು ಅಂದ ಹೊತ್ತಿನಿಂದ ಪೂರ್ತಿ ಮಾಯುವವರೆಗೆ ದೂರವಿರಿ. ಉಳಿದ ದಿನ ನಿರೋಧ್ ಬಳಸಿದರೆ ಅಪಾಯ ಕಡಿಮೆ, ಪೂರ್ತಿ ಇಲ್ಲವೆನ್ನಲಾಗದು. ಎರಡನೇ ಟೈಪು ಇದ್ದವರು ದಿನಾಲೂ ವಾಲಾಸಿಕ್ಲೋವಿರ್ ನುಂಗಿದರೆ ಜೊತೆಗಾರರಿಗೆ ಹರಡುವುದು ಸುಮಾರು ಅರ್ಧಕ್ಕೆ ಇಳಿಯುತ್ತದೆ. ಬಸುರಿಯರು ಮಾತ್ರ ಮುಚ್ಚಿಡಬಾರದು, ಹೆರಿಗೆ ಡಾಕ್ಟರಿಗೆ ಹೇಳಲೇಬೇಕು. ಹಳೆಯದಾದರೆ ಮಗುವಿಗೆ ಅಪಾಯ ಬಹಳ ಕಡಿಮೆ, ಕೊನೆಯ ತಿಂಗಳಲ್ಲಿ ಗುಳಿಗೆ ಕೊಡುತ್ತಾರೆ. ಬಸಿರಿನ ಕೊನೆಯಲ್ಲಿ ಹೊಸದಾಗಿ ಬಂದರೆ ಅಪಾಯ ದೊಡ್ಡದು. ತುಟಿಯಲ್ಲಿ ಗುಳ್ಳೆ ಇದ್ದವರು ಹಸುಗೂಸಿಗೆ ಮುತ್ತು ಕೊಡಬೇಡಿ, ಅಜ್ಜಿಯಾದರೂ ಸರಿ.

ಕೊನೆಗೆ ನಿಮ್ಮ ಮೇಲೆಯೇ ಒಂದು ದೂರು. ಬಸ್ ಸ್ಟ್ಯಾಂಡಿನ ಗೋಡೆಯ ಮೇಲೆ ‘ಗುಪ್ತರೋಗಕ್ಕೆ ಶಾಶ್ವತ ಪರಿಹಾರ’ ಅಂತ ಬರೆದು, ತಿಂಗಳಿಗೊಮ್ಮೆ ಲಾಡ್ಜಿಗೆ ಬಂದು ಕೂರುವವರನ್ನು ನಾವು ನೋಡುತ್ತಲೇ ಬಂದಿದ್ದೇವೆ. ಅಂಥದೇ ಸಾಲುಗಳು ನಿಮ್ಮ ವರ್ಗೀಕೃತ ಜಾಹೀರಾತಿನಲ್ಲೂ ಬರುತ್ತವೆ. ಹರ್ಪಿಸ್‌ಗೆ ಶಾಶ್ವತ ಪರಿಹಾರ ಈವರೆಗೆ ಇಲ್ಲ. ಇಂಥ ಜಾಹೀರಾತಿನ ವಿರುದ್ಧ 1954ರಿಂದಲೇ ಕಾಯ್ದೆ ಇದೆ. ನನ್ನ ಗಿರಾಕಿಯೊಬ್ಬಳು ಅಂಥವರ ಪುಡಿಗೆ ಕಿವಿಯೋಲೆ ಅಡವಿಟ್ಟಿದ್ದಾಳೆ. ಅದೇ ರೋಗಕ್ಕೆ ಜಿಲ್ಲಾ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕಿಗೆಂದೇ ಇರುವ ಸುರಕ್ಷಾ ಕ್ಲಿನಿಕ್‌ನಲ್ಲಿ ಏಸಿಕ್ಲೋವಿರ್ ಇರುವ ಕೆಂಪು ಬಣ್ಣದ ಕಿಟ್ಟು ಉಚಿತವಾಗಿ ಸಿಗುತ್ತದೆ ಅಂತ ಆಕೆಗೆ ಯಾರ ಬಾಯಿಂದಲೂ ತಿಳಿದಿರಲಿಲ್ಲ. ರಾಯಚೂರು, ಕೊಪ್ಪಳ, ಬಳ್ಳಾರಿಯ ಆ ಕ್ಲಿನಿಕ್ಕುಗಳು ಯಾವ ಕೋಣೆಯಲ್ಲಿವೆ, ಎಷ್ಟು ಗಂಟೆಗೆ ತೆರೆಯುತ್ತವೆ ಅಂತ ವಿಚಾರಿಸಿ ಜಾಹೀರಾತಿನ ಆ ಜಾಗದಲ್ಲಿ ಅಚ್ಚು ಹಾಕಿ. ಕೆಳಗೆ 1097 ಅಂತಲೂ ಹಾಕಿ. ಎಚ್‌ಐವಿ ಮತ್ತು ಲೈಂಗಿಕ ಸೋಂಕಿನ ಬಗ್ಗೆ ಹೆಸರು ಹೇಳದೆ ಕೇಳಬಹುದಾದ ಸರ್ಕಾರಿ ಸಹಾಯವಾಣಿ ಅದು, ಕರೆ ಉಚಿತ.

ನನ್ನ ಹೆಸರು, ವಿಳಾಸ ಲಕೋಟೆಯ ಒಳಗಿದೆ. ಅಚ್ಚಿಗೆ ಬೇಡ. ನನಗೆ ಅಂಜಿಕೆಯಿಲ್ಲ, ಆದರೆ ಅಂಗಡಿ ಯಾವುದು ಅಂತ ಗೊತ್ತಾದರೆ ನಾಳೆಯಿಂದ ಆ ಓಣಿಯ ಹೆಣ್ಣುಮಕ್ಕಳು ಬರುವುದನ್ನು ಬಿಡುತ್ತಾರೆ.

ಇಂತಿ,
ಔಷಧಿ ಅಂಗಡಿಯವಳು
ಸಿಂಧನೂರು, ರಾಯಚೂರು ಜಿಲ್ಲೆ